ಉದರವೂ ಅವಯವಗಳೂ: ಸಂಘಕಾರ್ಯವನ್ನು ಬೋಧಿಸುವ ದೃಷ್ಟಾಂತಗಳ ವಿಮರ್ಶೆ

ಅನೇಕರು ಕೂಡಿ ಒಂದು ಕಾರ್ಯವನ್ನು ಸಾಧಿಸತಕ್ಕ ಬಗೆಯನ್ನು ಬೋಧಿಸುವುದಕ್ಕಾಗಿ ಲೋಕದ ನಾನಾ ಜನಾಂಗಗಳು ಕಥೆಗಳನ್ನೂ ಉಪಮಾನಗಳನ್ನೂ ಕಲ್ಪಿಸಿಕೊಂಡಿರುವುವು. ದೇಹದ ಅವಯವಗಳ ಕಲಹ, ಕಟ್ಟಿದ ಕಡ್ಡಿಗಳ ಹೊರೆ, ಬಲೆಯನ್ನು ಹೊತ್ತು ಹಾರಿದ ಪಕ್ಷಿಗಳು, ಕುರುಡನ ಹೆಗಲೇರಿದ ಕುಂಟ ಇವೇ ಮೊದಲಾದುವು ಇಂದು ಶಾಲೆಯ ವಾಚನಪುಸ್ತಕಗಳಲ್ಲಿಯೂ, ಸಹಕಾರ ಸಂಘಗಳ ಉಪನ್ಯಾಸಗಳಲ್ಲಿಯೂ, ದೊಡ್ಡ ಉದ್ಯಮಗಳು ನೌಕರರಿಗಾಗಿ ಏರ್ಪಡಿಸುವ ತರಬೇತಿ ಶಿಬಿರಗಳಲ್ಲಿಯೂ ಕೇಳಿಬರುತ್ತವೆ. ಬೋಧಕರು ರೋಮಿನದೊಂದು, ಭಾರತದ್ದೊಂದು, ಜಪಾನಿನದೊಂದು ಎಂದು ಇವುಗಳನ್ನು ಹೂವಿನಂತೆ ಪೋಣಿಸಿ, ದೇಶಗಳು ಬೇರೆಯಾದರೂ ನೀತಿಯು ಒಂದೇ ಎಂದು ಮುಗಿಸುವರು. ಮಾತು ಕಿವಿಗೆ ಇಂಪಾಗಿದೆ. ಆದರೆ ಮೂಲಗ್ರಂಥಗಳನ್ನು ತೆರೆದು ನೋಡಿದರೆ ನೀತಿಯು ಒಂದೇ ಅಲ್ಲ. ಒಂದು ಕಥೆಯ ಸಿದ್ಧಾಂತವೇ ಮತ್ತೊಂದು ಕಥೆಯಲ್ಲಿ ಖಂಡಿಸಲ್ಪಟ್ಟ ಪೂರ್ವಪಕ್ಷವಾಗಿ ನಿಂತಿರುವುದೂ ಉಂಟು. ಅದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ದೃಷ್ಟಾಂತವೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಗೌತಮನ ನ್ಯಾಯಸೂತ್ರಗಳಲ್ಲಿ ಇದರ ಲಕ್ಷಣವು ಮೊದಲನೆಯ ಅಧ್ಯಾಯದಲ್ಲಿಯೇ ಬಂದಿದೆ. ಶಾಸ್ತ್ರವನ್ನು ಬಲ್ಲವರೂ ಬಲ್ಲದವರೂ ಭೇದವಿಲ್ಲದೆ ಒಪ್ಪತಕ್ಕ ವಿಷಯವೇ ದೃಷ್ಟಾಂತವೆಂಬುದು ಅದರ ತಾತ್ಪರ್ಯ. ಹೇಳುವವನಿಗೆ ಮಾತ್ರ ಸಮ್ಮತವಾಗಿ ಕೇಳುವವನಿಗೆ ವಿವಾದಾಸ್ಪದವಾಗಿರುವುದು ದೃಷ್ಟಾಂತವಾಗಲಾರದು. ಅದು ಇನ್ನೂ ಸಾಧಿಸಬೇಕಾಗಿರುವ ಮಾತು. ಮತ್ತೊಂದು ನಿಯಮವನ್ನು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ವಿವಕ್ಷಿತವಾದ ಒಂದು ಅಂಶದಲ್ಲಿ ಮಾತ್ರ ಸಾಮ್ಯವನ್ನು ಹುಡುಕಬೇಕು. ಎಲ್ಲ ಅಂಶಗಳಲ್ಲಿಯೂ ಸಾಮ್ಯವಿದ್ದರೆ ಎರಡೂ ಒಂದೇ ಆಗಿ ಹೋಗುವುವು, ಹೋಲಿಕೆಗೇ ಎಡೆಯಿರದು. ಈ ಎರಡು ನಿಯಮಗಳು ವಾದಶಾಲೆಗೆ ಮಾತ್ರ ಬೇಕಾದುವೆಂದು ತಿಳಿಯಬಾರದು. ಹತ್ತು ಮಂದಿ ಕೆಲಸಗಾರರಿಗೆ ಕಥೆಯೊಂದನ್ನು ಹೇಳಿ ಅವರನ್ನು ಒಂದು ಕಡೆಗೆ ತಿರುಗಿಸಲೆಳಸುವವನು, ಆ ಕಥೆಯಲ್ಲಿ ಯಾವ ಅಂಶವು ವಿವಕ್ಷಿತವೆಂಬುದನ್ನೂ, ಕೇಳುವವರಿಗೆ ಅದು ಮೊದಲೇ ಸಮ್ಮತವೋ ಅಲ್ಲವೋ ಎಂಬುದನ್ನೂ ಅರಿಯದೆ ಹೊರಟರೆ ಅವನ ಕಥೆಯು ಬೋಧೆಯಾಗದೆ ಬಲಾತ್ಕಾರವಾಗುವುದು.

ಯೂರೋಪಿನ ಬೋಧಕರು ಎಲ್ಲಕ್ಕೂ ಮೊದಲು ಎತ್ತಿಕೊಳ್ಳುವುದು ಉದರದ ಕಥೆಯನ್ನು. ಅದನ್ನು ರೋಮಿನ ಇತಿಹಾಸಕಾರನಾದ ಲಿವಿಯು ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ಹೇಳಿದ್ದಾನೆ. ಸಂಪ್ರದಾಯದ ಗಣನೆಯಂತೆ ಅದು ಕ್ರಿ. ಪೂ. 494ರ ಸಂಗತಿ. ರೋಮಿನ ಸಾಮಾನ್ಯ ಪ್ರಜೆಗಳು ಯುದ್ಧದಲ್ಲಿ ಹೋರಾಡಿ ಮನೆಗೆ ಮರಳಿದರೆ ಸಾಲಿಗರ ಸೆರೆಗೆ ಬೀಳುತ್ತಿದ್ದರು. ಸಾಲ ತೀರಿಸಲಾರದವನ ದೇಹವೇ ಸಾಲಕ್ಕೆ ಒತ್ತೆಯಾಗುತ್ತಿತ್ತು. ಇದರಿಂದ ಬೇಸತ್ತು ಅವರು ನಗರವನ್ನು ಬಿಟ್ಟು, ಮೂರು ಮೈಲಿಯಾಚೆ ಅನಿಯೋ ನದಿಯ ಬಳಿ ಇರುವ ಪವಿತ್ರಗಿರಿಯ ಮೇಲೆ ಹೋಗಿ ಬೀಡುಬಿಟ್ಟರು. ಆಗ ಸೆನೆಟ್ ಸಭೆಯವರು ಮೆನೇನಿಯಸ್ ಅಗ್ರಿಪ್ಪನೆಂಬುವನನ್ನು ಸಂಧಾನಕ್ಕೆ ಕಳುಹಿಸಿದರು. ಅವನು ವಾಗ್ಮಿ; ಹುಟ್ಟಿನಿಂದ ಸಾಮಾನ್ಯರ ಕುಲದವನಾದ್ದರಿಂದ ಅವರಿಗೆ ಪ್ರಿಯನೂ ಆಗಿದ್ದನು. ಅವನು ಹೇಳಿದ ಕಥೆ ಇಷ್ಟೇ. ದೇಹದ ಅಂಗಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಬುದ್ಧಿಯೂ ಮಾತೂ ಇದ್ದ ಕಾಲದಲ್ಲಿ, ಎಲ್ಲರ ದುಡಿಮೆಯನ್ನೂ ಹೊಟ್ಟೆಯು ನಡುವೆ ಸುಮ್ಮನೆ ಕುಳಿತು ತಿನ್ನುತ್ತಿದೆಯೆಂದು ಉಳಿದುವು ಕೋಪಗೊಂಡು ಒಳಸಂಚು ಮಾಡಿದುವು. ಕೈಯು ತುತ್ತನ್ನೆತ್ತದು, ಬಾಯಿ ಕೊಳ್ಳದು, ಹಲ್ಲು ಅಗಿಯದು. ಹೊಟ್ಟೆಯನ್ನು ಹಸಿವಿನಿಂದ ಮಣಿಸಹೊರಟು ಇಡೀ ದೇಹವೇ ಕೃಶವಾಯಿತು. ಆಗ ಹೊಟ್ಟೆಯೂ ಸೋಮಾರಿಯಲ್ಲ, ತಾನು ಪಡೆದ ಅನ್ನವನ್ನು ರಕ್ತವಾಗಿಸಿ ನಾಡಿಗಳ ಮೂಲಕ ಎಲ್ಲ ಅಂಗಗಳಿಗೂ ಹಂಚುತ್ತದೆ ಎಂದು ತಿಳಿಯಬಂದಿತು.

ಶಿಬಿರಗಳಲ್ಲಿ ಕಥೆಯು ಇಲ್ಲಿಗೇ ನಿಲ್ಲುವುದು. ಲಿವಿಯಲ್ಲಿ ಇಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಪ್ರಕರಣದಲ್ಲಿಯೇ ಸಂಧಾನದ ನಿಬಂಧನೆಗಳು ಬರುವುವು: ಸಾಮಾನ್ಯ ಪ್ರಜೆಗಳಿಗೆ ಅವರವೇ ಆದ ಅಧಿಕಾರಿಗಳು ಇರತಕ್ಕುದು, ಅವರ ಮೈಯನ್ನು ಯಾರೂ ಮುಟ್ಟಬಾರದು, ಕುಲೀನರಲ್ಲಿ ಯಾವನೂ ಆ ಪದವಿಯನ್ನು ಪಡೆಯಲಾಗದು. ಟ್ರಿಬ್ಯೂನ್ ಎಂಬ ಪ್ರಸಿದ್ಧವಾದ ಅಧಿಕಾರಪದವು ಹುಟ್ಟಿದುದು ಹೀಗೆ. ಎಂದ ಮೇಲೆ ಗಿರಿಯ ಮೇಲಿದ್ದವರು ಇಳಿದು ಬಂದುದು ಕಥೆಯನ್ನು ಕೇಳಿಯೋ, ನಿಬಂಧನೆಗಳನ್ನು ಪಡೆದೋ? ಕಥೆಯು ಅವರ ಮನಸ್ಸನ್ನು ತಿರುಗಿಸಿತೆಂದು ಲಿವಿಯು ಹೇಳುವುದೇನೋ ನಿಜ. ಆದರೆ ತಿರುಗಿದ ಮನಸ್ಸಿನೊಡನೆ ಬರಿಯ ಕೈಯಲ್ಲಿ ಅವರು ಮರಳಿದರೆಂದು ಅವನೂ ಹೇಳುವುದಿಲ್ಲ. ನಿಬಂಧನೆಯನ್ನು ಬಿಟ್ಟು ಕಥೆಯನ್ನು ಮಾತ್ರ ಹೇಳುವುದು ಔಷಧವನ್ನು ಮುಚ್ಚಿಟ್ಟು ಅನುಪಾನವನ್ನು ಮಾತ್ರ ಕುಡಿಸಿದಂತೆ. (ಆ ಮೆನೇನಿಯಸನು ಮರುವರ್ಷವೇ ತೀರಿಕೊಂಡಾಗ ಅವನ ಉತ್ತರಕ್ರಿಯೆಗೆ ಸಾಲುವಷ್ಟು ಹಣವೂ ಅವನಲ್ಲಿರಲಿಲ್ಲವೆಂದೂ, ಸಾಮಾನ್ಯ ಪ್ರಜೆಗಳೇ ತಲೆಗಿಷ್ಟೆಂದು ಕೂಡಿಸಿ ನೆರವೇರಿಸಿದರೆಂದೂ ಲಿವಿಯು ಬರೆದಿದ್ದಾನೆ. ಹೊಟ್ಟೆಯ ಪರವಾಗಿ ವಾದಿಸಿದವನ ಹೊಟ್ಟೆಯು ತುಂಬಿರಲಿಲ್ಲವೆಂಬುದು ಅವನ ಮಾತಿಗಿದ್ದ ಗೌರವಕ್ಕೆ ಒಂದು ಕಾರಣವಾಗಿರಬೇಕು. ಇಂದಿನ ಬೋಧಕರಲ್ಲಿ ಎಲ್ಲರಿಗೂ ಈ ಅನುಕೂಲವಿಲ್ಲ.)

ಶೇಕ್ಸ್‌ಪಿಯರನು ಈ ಕಥೆಯ ದುರ್ಬಲಸ್ಥಾನವನ್ನು ಚೆನ್ನಾಗಿ ಕಂಡಿದ್ದನು. 1608ರ ಸುಮಾರಿಗೆ ರಚಿತವಾಗಿ 1623ರಲ್ಲಿ ಮೊದಲು ಅಚ್ಚಾದ ಅವನ ‘ಕೊರಿಯೊಲೇನಸ್’ ನಾಟಕದ ಮೊದಲನೆಯ ದೃಶ್ಯದಲ್ಲಿ ಮೆನೇನಿಯಸನು ಇದೇ ಕಥೆಯನ್ನು ಹೇಳುವನು. ಆದರೆ ಅಲ್ಲಿ ಕೇಳುವ ಜನರು ಸಾಲಕ್ಕಾಗಿ ಗಿರಿಯೇರಿದವರಲ್ಲ. ಧಾನ್ಯವಿಲ್ಲದೆ ಹಸಿದು ದೊಣ್ಣೆ ಹಿಡಿದು ಬೀದಿಗಿಳಿದವರು. ಹಸಿದವರ ಮುಂದೆ ಹೊಟ್ಟೆಯ ಮಹಿಮೆಯನ್ನು ವರ್ಣಿಸುವ ಈ ಸನ್ನಿವೇಶವೇ ಕಥೆಯ ಮೇಲಣ ಟೀಕೆಯಾಗಿದೆ. ಕೇಳುವವರಲ್ಲೊಬ್ಬನು ನಡುನಡುವೆ ಬಾಯಿಹಾಕಿ ಹೊಟ್ಟೆಯು ಏನು ಉತ್ತರ ಕೊಟ್ಟಿತೆಂದು ಕೇಳುತ್ತಾನೆ. ಕೊನೆಗೆ ಇದು ತಮಗೆ ಹೇಗೆ ಅನ್ವಯಿಸುವುದೆಂದು ಕೇಳುತ್ತಾನೆ. ದೊರೆತ ಉತ್ತರವೇನೆಂದರೆ, ಅವನನ್ನು ಈ ಗುಂಪಿನ ಕಾಲಿನ ಹೆಬ್ಬೆರಳೆಂದು ಕರೆದು ಹಾಸ್ಯ ಮಾಡಿದುದು. ಗೌತಮನ ಲಕ್ಷಣದ ದೃಷ್ಟಿಯಿಂದ ಆ ಪ್ರಜೆಯು ಕೇಳಿದ ಪ್ರಶ್ನೆಯು ನ್ಯಾಯವಾದುದು. ದೇಹಕ್ಕೆ ಹೊಟ್ಟೆ ಬೇಕೆಂಬುದನ್ನು ಅವನು ಅಲ್ಲಗಳೆದಿರಲಿಲ್ಲ. ಸೆನೆಟ್ ಸಭೆಯೇ ಹೊಟ್ಟೆ ಎಂಬುದಕ್ಕೆ ಮಾತ್ರ ಸಾಕ್ಷ್ಯವನ್ನು ಕೇಳಿದನು.

ಉದರಕಥೆಗೆ ಭಾರತೀಯ ಸಮಾನವೆಂದು ಉಪನಿಷತ್ತುಗಳ ಪ್ರಾಣಸಂವಾದವನ್ನು ಎತ್ತಿ ತೋರಿಸುವುದು ರೂಢಿ. ಛಾಂದೋಗ್ಯದ ಐದನೆಯ ಅಧ್ಯಾಯದ ಆದಿಯಲ್ಲಿಯೂ, ಬೃಹದಾರಣ್ಯಕದ ಆರನೆಯ ಅಧ್ಯಾಯದ ಆದಿಯಲ್ಲಿಯೂ ಇದು ಬಂದಿದೆ. ಇಂದ್ರಿಯಗಳು ತಮ್ಮಲ್ಲಿ ಯಾರು ಮೇಲೆಂದು ಕಲಹವಾಡಿ, ಛಾಂದೋಗ್ಯದ ಪಾಠದಂತೆ ಪ್ರಜಾಪತಿಯನ್ನು ಕೇಳುವುವು. ಯಾರು ಹೊರಟುಹೋದರೆ ಶರೀರವು ಅತ್ಯಂತ ಹೀನವಾಗಿ ಕಾಣುವುದೋ ಅವರೇ ಶ್ರೇಷ್ಠರೆಂದು ಅವನು ನಿರ್ಣಯದ ಮಾರ್ಗವನ್ನು ತೋರಿಸುವನು. ವಾಕ್ಕು ಒಂದು ವರ್ಷ ಹೊರಗಿದ್ದು ಬಂದು ತಾನಿಲ್ಲದೆ ಹೇಗೆ ಬದುಕಿದಿರೆಂದು ಕೇಳಿದರೆ, ಮೂಗರು ಬದುಕುವಂತೆ ಬದುಕಿದೆವೆಂದು ಉಳಿದುವು ಹೇಳುವುವು. ಕಣ್ಣು, ಕಿವಿ, ಮನಸ್ಸುಗಳಿಗೂ ಇದೇ ಅನುಭವ. ಕೊನೆಗೆ ಪ್ರಾಣವು ಹೊರಡಲನುವಾದಾಗ, ಒಳ್ಳೆಯ ಕುದುರೆಯು ಕಟ್ಟಿದ ಗೂಟಗಳನ್ನೇ ಕಿತ್ತುಕೊಳ್ಳುವಂತೆ ಉಳಿದ ಇಂದ್ರಿಯಗಳೆಲ್ಲವೂ ಬೇರುಸಹಿತ ಕೀಳಲ್ಪಡುವುವು, ಹೋಗಬೇಡವೆಂದು ಬೇಡಿಕೊಳ್ಳುವುವು.

ಎರಡು ಕಥೆಗಳಲ್ಲಿಯೂ ಅವಯವಗಳು ಜಗಳವಾಡುವುವು, ಎರಡರಲ್ಲಿಯೂ ಒಂದು ಗೆಲ್ಲುವುದು; ಹೋಲಿಕೆಯು ಇಲ್ಲಿಗೆ ಮುಗಿಯಿತು. ರೋಮಿನ ಕಥೆಯಲ್ಲಿ ಪರೀಕ್ಷೆಯು ಕೆಲಸ ನಿಲ್ಲಿಸುವುದರಿಂದ ನಡೆಯುವುದು, ಉಪನಿಷತ್ತಿನಲ್ಲಿ ಹೊರಟುಹೋಗುವುದರಿಂದ. ಅಲ್ಲಿ ಹೊಟ್ಟೆಯೊಂದನ್ನು ಬಿಟ್ಟು ಉಳಿದುವೆಲ್ಲ ಒಂದು ಪಕ್ಷ. ಇಲ್ಲಿ ಪ್ರತಿಯೊಂದೂ ಒಂಟಿಯಾಗಿ ತನ್ನ ಬೆಲೆಯನ್ನು ತಾನೇ ತೂಗಿಕೊಳ್ಳುವುದು. ಅಲ್ಲಿ ಕಥೆಯನ್ನು ಹೇಳುವವನು ವ್ಯಾಜ್ಯದಲ್ಲಿ ಒಂದು ಪಕ್ಷದ ದೂತ. ಇಲ್ಲಿ ನಿಯಮವನ್ನು ವಿಧಿಸಿದವನು ಎರಡೂ ಕಡೆಗೆ ಸೇರದ ಪ್ರಜಾಪತಿ, ಮತ್ತು ಪ್ರಾಣವೂ ಉಳಿದವರಂತೆ ಅದೇ ನಿಯಮಕ್ಕೆ ಕಟ್ಟುಬಿದ್ದಿದೆ. ಪ್ರಾಣವು ವಾದಿಸುವುದಿಲ್ಲ, ಎದ್ದು ನಿಲ್ಲುವುದಷ್ಟೆ. ಪರೀಕ್ಷೆಯ ಕ್ರಮವನ್ನು ಮಾತ್ರ ನೋಡಿದರೆ ಉಪನಿಷತ್ತಿನ ಕಥೆಯು ಹೆಚ್ಚು ನ್ಯಾಯಯುತವೆನ್ನದೆ ವಿಧಿಯಿಲ್ಲ. ಆದರೆ ಇದರಿಂದ ಸಮಾನತೆಯನ್ನು ಬೋಧಿಸಹೊರಡುವವರು ಮೂಲವನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ಪ್ರಕರಣದ ವಿಷಯವು ಜ್ಯೇಷ್ಠವೂ ಶ್ರೇಷ್ಠವೂ ಆದುದನ್ನು ಅರಿಯುವ ಉಪಾಸನೆ. ಕಥೆಯ ಕೊನೆಯಲ್ಲಿ ಇಂದ್ರಿಯಗಳು ತಮ್ಮ ತಮ್ಮ ಹಿರಿಮೆಯನ್ನು ಪ್ರಾಣಕ್ಕೆ ಒಪ್ಪಿಸುವುವು. ಆಮೇಲೆ ಅವುಗಳನ್ನೆಲ್ಲ ವಾಕ್ಕುಗಳೆಂದೋ ಕಣ್ಣುಗಳೆಂದೋ ಕರೆಯದೆ ಪ್ರಾಣಗಳೆಂದೇ ಜನರು ಕರೆಯುವರೆಂದು ಶ್ರುತಿಯು ಹೇಳುವುದು. ಗೆದ್ದವನ ಹೆಸರು ಸೋತವರಿಗೂ ಬಂದಿತೆಂಬ ಈ ಕೊನೆಯ ಅಂಶವು ಸಂಘಕಾರ್ಯಕ್ಕೆ ಬಹಳ ಉಪಯುಕ್ತವಾದುದು. ಅದನ್ನು ಬೋಧಕರು ಎತ್ತಿಕೊಂಡಂತೆ ಕಾಣುವುದಿಲ್ಲ.

ಇನ್ನು ಭಾರುಂಡಪಕ್ಷಿ. ಉದರಕಥೆಗೆ ನಿಜವಾದ ಪ್ರತಿವಾದಿಯು ಉಪನಿಷತ್ತಿನಲ್ಲಿ ಇಲ್ಲ. ಪಂಚತಂತ್ರದ ಪ್ರಚಲಿತ ಸಂಸ್ಕೃತಪಾಠದಲ್ಲಿ ಐದನೆಯ ತಂತ್ರದ ಕೊನೆಯ ಭಾಗದಲ್ಲಿ ಇದ್ದಾನೆ. ಸರೋವರದ ತೀರದಲ್ಲಿ ಭಾರುಂಡವೆಂಬ ಹಕ್ಕಿ. ಹೊಟ್ಟೆ ಒಂದು, ಕೊರಳು ಎರಡು. ಒಂದು ಮುಖಕ್ಕೆ ಅಲೆಗಳು ತಂದೊಗೆದ ಅಮೃತಸಮಾನವಾದ ಹಣ್ಣು ಸಿಕ್ಕಿತು. ಅದನ್ನು ತಿನ್ನುತ್ತ ಅದರ ರುಚಿಯನ್ನು ಹೊಗಳಿತು. ಎರಡನೆಯ ಮುಖವು ತನಗೂ ಸ್ವಲ್ಪ ಕೊಡೆಂದು ಕೇಳಿತು. ಮೊದಲನೆಯದು ನಕ್ಕು ಹೇಳಿದ ಉತ್ತರವು ಸಾವಧಾನವಾಗಿ ವಿಚಾರಿಸತಕ್ಕುದು: ಹೊಟ್ಟೆಯು ಇಬ್ಬರಿಗೂ ಒಂದೇ, ತೃಪ್ತಿಯೂ ಒಂದೇ, ಬೇರೆ ಬೇರೆ ತಿನ್ನುವುದರಿಂದ ಫಲವೇನು, ಮಿಕ್ಕುದನ್ನು ಹೆಂಡತಿಗೆ ಕೊಟ್ಟು ಸಂತೋಷಪಡಿಸೋಣ ಎಂಬುದು ಅದರ ತಾತ್ಪರ್ಯ. ಹಾಗೆಯೇ ಮಾಡಿತು. ಎರಡನೆಯ ಮುಖವು ಅಂದಿನಿಂದ ಕೊರಗುತ್ತಿದ್ದು, ಒಂದು ದಿನ ವಿಷದ ಹಣ್ಣು ಸಿಕ್ಕಿದಾಗ, ಮೊದಲನೆಯದು ಬೇಡಿಕೊಂಡರೂ ಕೇಳದೆ ತಿಂದಿತು. ಹಕ್ಕಿಯು ಸತ್ತಿತು.

ಈ ಉತ್ತರವು ಮೆನೇನಿಯಸನ ವಾದವೇ ಅಲ್ಲವೆ? ತಿನ್ನುವವನು ಒಬ್ಬನಾದರೂ ಪುಷ್ಟಿಯು ಎಲ್ಲರಿಗೆ. ಆದುದರಿಂದ ಪ್ರತ್ಯೇಕ ಭಾಗವನ್ನು ಕೇಳುವುದು ಮೂರ್ಖತನ ಎಂಬುದು ಎರಡೂ ಕಡೆ ಹೂಡಿದ ಯುಕ್ತಿ. ರೋಮಿನ ಕಥೆಯಲ್ಲಿ ಅದು ವಿವೇಕಿಯ ಬಾಯಲ್ಲಿ ಬಂದು ಸಿದ್ಧಾಂತವಾಗಿದೆ. ಪಂಚತಂತ್ರದಲ್ಲಿ ಲೋಭಿಯ ಬಾಯಲ್ಲಿ ಬಂದು ಸರ್ವನಾಶಕ್ಕೆ ಬೀಜವಾಗಿದೆ. ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ ‘ಏಕೋದರತ್ವ’ವೆಂಬ ಹೇತುವು ಸವ್ಯಭಿಚಾರ, ಸಾಧ್ಯವಿದ್ದೆಡೆಯಲ್ಲಿಯೂ ಇಲ್ಲದೆಡೆಯಲ್ಲಿಯೂ ಇರುವುದರಿಂದ ಅದು ಏನನ್ನೂ ಸಾಧಿಸಲಾರದು. ಒಂದೇ ಹೊಟ್ಟೆಯಿದ್ದ ಮಾತ್ರದಿಂದ ಎರಡನೆಯ ಬಾಯಿಯು ಸುಮ್ಮನಿರಬೇಕೆಂಬುದು ಸಿದ್ಧವಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮೊದಲನೆಯ ಮುಖವು ಹೇಳಿದುದರಲ್ಲಿ ಸುಳ್ಳೇನಿದೆ? ಹೊಟ್ಟೆ ಒಂದೇ ಆದುದರಿಂದ ಪುಷ್ಟಿಯು ಇಬ್ಬರಿಗೂ ಸೇರುವುದು ದಿಟವಷ್ಟೆ. ಎರಡನೆಯ ಮುಖಕ್ಕೆ ನಷ್ಟವಾದುದೇನು? ನಷ್ಟವಾದುದು ಪುಷ್ಟಿಯಲ್ಲ, ರುಚಿ. ಅಮೃತದಂತಹ ಹಣ್ಣೆಂದು ಹೊಗಳುವುದನ್ನು ಕೇಳಿದ ಬಾಯಿಗೆ ಅದರ ಸವಿಯು ತನಗೆ ಸಲ್ಲಲಿಲ್ಲವೆಂಬುದು ಹಸಿವಿಗಿಂತ ಹೆಚ್ಚಿನ ದುಃಖ. ಕೂಡಿ ದುಡಿಯುವವರ ಕಲಹಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಸಂಬಳವು ಎಲ್ಲರಿಗೂ ಬಂದಿರುವುದು, ಕೀರ್ತಿಯು ಒಬ್ಬನಿಗೆ ಹೋಗಿರುವುದು. ಲಾಭವು ಹಂಚಿಕೆಯಾಗಿರುವುದು, ನಿರ್ಣಯವು ಒಬ್ಬನ ಕೋಣೆಯಲ್ಲಿ ಆಗಿರುವುದು. ಆಗ ಏಕೋದರನ್ಯಾಯವನ್ನು ಹೇಳಿ ಸಮಾಧಾನ ಮಾಡಹೊರಟರೆ ವಿಷಫಲವನ್ನು ಹುಡುಕುವುದಕ್ಕೆ ದಾರಿ ತೋರಿಸಿದಂತಾಗುವುದು. ಪವಿತ್ರಗಿರಿಯ ಜನರೂ ಬರಿಯ ಅನ್ನವನ್ನು ಪಡೆದು ಇಳಿದು ಬರಲಿಲ್ಲ. ಟ್ರಿಬ್ಯೂನನೆಂದರೆ ಅವರ ಪರವಾಗಿ ಮಾತನಾಡುವ, ತಡೆಯುವ ಅಧಿಕಾರಿ; ಒಂದು ದೇಹಕ್ಕೆ ಎರಡನೆಯ ಬಾಯಿ. ಕಥೆಯು ಕೊಡದಿದ್ದುದನ್ನು ರೋಮಿನ ಶಾಸನವು ಕೊಟ್ಟಿತು.

ಪ್ರಸಂಗವಶಾತ್ ಒಂದು ಮಾತು. ಮೈಸೂರು ಅರಸರ ಬಿರುದಿನಲ್ಲಿದ್ದು ಈಗ ಕರ್ನಾಟಕ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡವು ಈ ಭಾರುಂಡದ ಹೆಸರಿಗೂ ರೂಪಕ್ಕೂ ಹತ್ತಿರವಾಗಿದೆ. ಆದರೆ ಲಾಂಛನದ ಹಕ್ಕಿಯು ಆನೆಗಳನ್ನೆತ್ತುವ ಬಲದ ಸಂಕೇತ. ಕಥೆಯ ಹಕ್ಕಿಯು ಒಡಕಿನ ಸಂಕೇತ. ಎರಡು ತಲೆಗಳು ಎಲ್ಲಿ ಬಲವಾಗುವುವು, ಎಲ್ಲಿ ಮೃತ್ಯುವಾಗುವುವು ಎಂಬ ಪ್ರಶ್ನೆಯನ್ನು ಕನ್ನಡ ಶಾಲೆಯ ಹುಡುಗನು ಸರ್ಕಾರದ ಕಾಗದವೊಂದನ್ನು ಹಿಡಿದುಕೊಂಡೇ ಕೇಳಬಹುದು.

ದೇಹದ ಉಪಮಾನವು ಯಾರ ಕೈಗೆ ಸಿಕ್ಕಿದರೆ ಅವರ ಮಾತನ್ನಾಡುವುದೆಂಬುದಕ್ಕೆ ಮತ್ತೆರಡು ನಿದರ್ಶನಗಳು ಸಾಕು. ಕ್ರಿಸ್ತಶಕ 55ರ ಸುಮಾರಿಗೆ ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ, ಒಳಜಗಳಗಳಿಂದ ಒಡೆದಿದ್ದ ಆ ಜನರಿಗೆ ದೇಹವನ್ನೇ ಉಪಮಾನವಾಗಿ ಕೊಟ್ಟಿದ್ದಾನೆ. ಅಲ್ಲಿ ಹೊಟ್ಟೆಯ ಪ್ರಸ್ತಾಪವಿಲ್ಲ. ದುರ್ಬಲವೆಂದು ತೋರುವ ಅಂಗಗಳೇ ಹೆಚ್ಚು ಅವಶ್ಯಕವೆಂದೂ, ಗೌರವ ಕಡಮೆಯಾದುದಕ್ಕೆ ಹೆಚ್ಚು ಗೌರವ ಸಲ್ಲಬೇಕೆಂದೂ ಅವನು ಉಪಮಾನವನ್ನು ತಲೆಕೆಳಗು ಮಾಡಿದ್ದಾನೆ. ಇಂಗ್ಲೆಂಡಿನ ಸಾಲಿಸ್‌ಬರಿಯ ಜಾನನೆಂಬ ಪಂಡಿತನು 1159ರಲ್ಲಿ ಮುಗಿಸಿದ ‘ಪಾಲಿಕ್ರಾಟಿಕಸ್’ ಗ್ರಂಥದಲ್ಲಿ ಅರಸನು ತಲೆ, ರೈತರು ಕಾಲು; ಹೊಟ್ಟೆಯೂ ಕರುಳೂ ಬೊಕ್ಕಸದ ಅಧಿಕಾರಿಗಳು. ಅವರು ಅತಿಯಾಗಿ ತುಂಬಿಕೊಂಡು ಹಿಡಿದಿಟ್ಟುಕೊಂಡರೆ ದೇಹಕ್ಕೆ ರೋಗ ಹುಟ್ಟುವುದೆಂದು ಅವನು ಎಚ್ಚರಿಸುವನು. ಹೊಟ್ಟೆಗೂ ಅಜೀರ್ಣವಾಗುವುದುಂಟೆಂಬುದು ಮೆನೇನಿಯಸನಿಗೆ ತೋರದೆ ಹೋಯಿತು. ಪುರುಷಸೂಕ್ತದ ಅವಯವಕಲ್ಪನೆಯನ್ನೂ ಇದೇ ಸಾಲಿಗೆ ಸೇರಿಸಿ ಕೆಲವರು ಸಂಘಕಾರ್ಯದ ಪಾಠವನ್ನು ಹೇಳುವರು. ಸೂಕ್ತವು ಸೃಷ್ಟಿಯನ್ನು ಹೇಳುವುದೇ ಹೊರತು ಕೂಡಿ ಕೆಲಸ ಮಾಡುವ ಬಗೆಯನ್ನಲ್ಲ. ಅದರಿಂದ ಮೇಲುಕೀಳುಗಳ ವ್ಯವಸ್ಥೆಯನ್ನು ಶತಮಾನಗಳ ಕಾಲ ಸಮರ್ಥಿಸಿರುವುದರಿಂದ, ಕಾಲೆಂದು ಕರೆಸಿಕೊಂಡವರ ಮಕ್ಕಳು ಕುಳಿತಿರುವ ತರಗತಿಯಲ್ಲಿ ಅದು ಉಭಯಸಮ್ಮತವಾದ ದೃಷ್ಟಾಂತವಾಗಲಾರದು.

ಅವಯವಗಳ ಕಥೆಗಳೆಲ್ಲ ಬೇರೆ ಬೇರೆ ಸಾಮರ್ಥ್ಯವುಳ್ಳವರು ಕೂಡುವುದನ್ನು ಕುರಿತವು. ಒಂದೇ ಬಗೆಯವರು ಒಂದೇ ಕೆಲಸಕ್ಕೆ ಕೂಡುವುದು ಬೇರೊಂದು ಜಾತಿ. ಇವೆರಡನ್ನೂ ಬೆರೆಸುವುದು ಬೋಧಕರ ಸಾಮಾನ್ಯ ದೋಷ. ಕಡ್ಡಿಗಳ ಹೊರೆಯ ಕಥೆಯು ಎರಡನೆಯ ಜಾತಿಗೆ ಸೇರಿದುದು. ಈಸೋಪನ ಹೆಸರಿನಲ್ಲಿ ಅದು ಜಗಳಗಂಟರಾದ ರೈತನ ಮಕ್ಕಳಿಗೆ. ಪ್ಲುಟಾರ್ಕನಲ್ಲಿ ಸಿಥಿಯದ ಅರಸನಾದ ಸ್ಕಿಲೂರಸನು ಸಾಯುವಾಗ ತನ್ನ 80 ಮಕ್ಕಳಿಗೆ. ಹದಿಮೂರನೆಯ ಶತಮಾನದ ‘ಮಂಗೋಲರ ರಹಸ್ಯ ಇತಿಹಾಸ’ದಲ್ಲಿ ಆಲನ್ ಗೋವಾ ಎಂಬ ತಾಯಿಯು ತನ್ನ ಐವರು ಮಕ್ಕಳಿಗೆ. ಮೂರರಲ್ಲಿಯೂ ಕೇಳುವವರು ಒಡಹುಟ್ಟಿದವರು. ಮಂಗೋಲರ ಕಥೆಯಲ್ಲಿ ವಿಶೇಷವೇನೆಂದರೆ, ತಂದೆಯು ಸತ್ತ ಮೇಲೆ ಹುಟ್ಟಿದ ಮೂವರು ತಮ್ಮಂದಿರ ಜನ್ಮವನ್ನು ಹಿರಿಯರಿಬ್ಬರು ಶಂಕಿಸಿದ್ದರು. ಬಾಣದ ಕಡ್ಡಿಗಳನ್ನು ಮುರಿಸಿ ತೋರಿಸುವುದಕ್ಕೆ ಪ್ರಸಕ್ತಿಯು ಆ ಶಂಕೆ. ಕಟ್ಟಿನೊಳಗಿನ ಕಡ್ಡಿಯೊಂದು ತಮ್ಮ ಜಾತಿಯದೋ ಅಲ್ಲವೋ ಎಂಬ ಕೊರಗನ್ನು ತಾಯಿಯು ಮೊದಲು ಎದುರಿಸಿ, ಮೂವರ ಹುಟ್ಟಿನ ವಿಷಯವನ್ನು ಬಾಯಿಬಿಟ್ಟು ಹೇಳಿಯೇ ಮುಂದಿನ ಬುದ್ಧಿವಾದಕ್ಕೆ ಬರುವಳು. ಸಂಗ್ರಹಕಾರರು ಇದನ್ನು ಬಿಟ್ಟು ಐದು ಬಾಣಗಳನ್ನು ಮಾತ್ರ ಇಟ್ಟುಕೊಂಡಿರುವರು.

ಜಪಾನಿನ ಮೂರು ಬಾಣಗಳ ಕಥೆಯ ಗತಿಯೂ ಹಾಗೆಯೇ. ಮೋರಿ ಮೊತೊನಾರಿಯೆಂಬ ಪಾಳೆಯಗಾರನು ಮರಣಶಯ್ಯೆಯಲ್ಲಿ ಮೂವರು ಮಕ್ಕಳಿಗೆ ಬಾಣಗಳನ್ನು ಕೊಟ್ಟನೆಂದು ಹೇಳುವರು. ಅವನು ತೀರಿಕೊಂಡುದು 1571ರಲ್ಲಿ. ಹಿರಿಯ ಮಗ ತಕಮೊತೊ 1563ರಲ್ಲಿಯೇ ತೀರಿಕೊಂಡಿದ್ದನು. ಆದುದರಿಂದ ಆ ದೃಶ್ಯವು ನಡೆದಿರಲಾರದು. ಆದರೆ ಅವನು 1557ರಲ್ಲಿ ಮೂವರಿಗೂ ಬರೆದ ಬುದ್ಧಿವಾದದ ಪತ್ರವು ಉಳಿದಿದೆ; ಕಿರಿಯರಿಬ್ಬರೂ ಕಿಕ್ಕಾವ, ಕೊಬಯಾಕಾವ ಎಂಬ ಬೇರೆ ಮನೆತನಗಳಿಗೆ ದತ್ತುಹೋಗಿದ್ದರು. ಬೇರೆ ಮನೆಗಳ ಯಜಮಾನರಾದ ಮೇಲೂ ಹುಟ್ಟಿದ ಮನೆಯನ್ನು ಮರೆಯಬಾರದೆಂಬ ಕಷ್ಟದ ಮಾತನ್ನು ಒಬ್ಬ ತಂದೆಯು ಕಾಗದದಲ್ಲಿ ಬರೆದುದು ಬಾಣದ ಚಮತ್ಕಾರಕ್ಕಿಂತ ಬೋಧಕರಿಗೆ ಎಷ್ಟೋ ಹೆಚ್ಚು ಪ್ರಯೋಜನಕಾರಿ.

ಹೊರೆಯ ಉಪಮಾನದಲ್ಲಿ ಒಂದು ಸ್ವಾರಸ್ಯವಾದ ಕೊರತೆಯಿದೆ. ಕಡ್ಡಿಗಳು ತಾವಾಗಿ ಕೂಡುವುದಿಲ್ಲ. ಹಗ್ಗವು ಹೊರಗಿನದು, ಕಟ್ಟುವ ಕೈಯೂ ಹೊರಗಿನದು. ತಂದೆಯು ಸತ್ತ ಮೇಲೆ ಕಟ್ಟನ್ನು ಹಿಡಿದಿಡುವವರು ಯಾರು? ಹಿತೋಪದೇಶದಲ್ಲಿ ಬರುವ ಹುಲ್ಲುಹಗ್ಗದ ದೃಷ್ಟಾಂತವು ಈ ಕೊರತೆಯನ್ನು ತುಂಬುವಂತಿದೆ. ಅಲ್ಲಿ ಅಲ್ಪವಾದ ಹುಲ್ಲೇ ಹೊಸೆದು ಹಗ್ಗವಾಗಿ ಮದದಾನೆಯನ್ನು ಕಟ್ಟುವುದು. ಕಟ್ಟಲ್ಪಡುವ ವಸ್ತುವೂ ಕಟ್ಟುವ ವಸ್ತುವೂ ಒಂದೇ. ಸಂಸ್ಕೃತದಲ್ಲಿ ‘ಗುಣ’ವೆಂಬ ಶಬ್ದಕ್ಕೆ ಹಗ್ಗವೆಂದೂ ಸದ್ಗುಣವೆಂದೂ ಅರ್ಥವಿರುವುದರಿಂದ ಉಂಟಾದ ಶ್ಲೇಷವು ಅನುವಾದದಲ್ಲಿ ಉಳಿಯದಿದ್ದರೂ ಉಪಮಾನದ ಬಲವು ಉಳಿಯುವುದು.

ಬಲೆಯ ಹಕ್ಕಿಗಳ ಕಥೆಯು ಮೂರು ಕಡೆ ಮೂರು ಬಗೆಯಾಗಿದೆ. ಸಮ್ಮೋದಮಾನ ಜಾತಕದಲ್ಲಿ ಲಾವುಗೆ ಹಕ್ಕಿಗಳು ಒಟ್ಟಾಗಿ ಬಲೆಯನ್ನೆತ್ತಿ ಮುಳ್ಳುಪೊದೆಯ ಮೇಲೆ ಹಾಕಿ ಪಾರಾಗುವುವು; ಒಂದು ದಿನ ಒಂದು ಮತ್ತೊಂದರ ತಲೆಯನ್ನು ತುಳಿದುದರಿಂದ ಜಗಳ ಹತ್ತಿ, ನೀನೇ ಎತ್ತು ನೀನೇ ಎತ್ತು ಎನ್ನುತ್ತ ಸಿಕ್ಕಿಬೀಳುವುವು. ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವ ಎರಡು ಹಕ್ಕಿಗಳೂ ಹಾಗೆಯೇ ಕಚ್ಚಾಡಿ ಕೆಳಗೆ ಬೀಳುವುವು. ಪಂಚತಂತ್ರದ ಚಿತ್ರಗ್ರೀವನ ಪಾರಿವಾಳಗಳು ಮಾತ್ರ ಕಚ್ಚಾಡುವುದಿಲ್ಲ. ಆದರೂ ಅವುಗಳ ಒಗ್ಗಟ್ಟಿನಿಂದ ಬಲೆಯು ಮೇಲೇಳುವುದೇ ಹೊರತು ಹರಿಯುವುದಿಲ್ಲ. ಹರಿಯುವುದಕ್ಕೆ ಹಿರಣ್ಯಕನೆಂಬ ಇಲಿಯ ಹಲ್ಲು ಬೇಕಾಯಿತು. ಒಂದೇ ಬಗೆಯವರ ಒಗ್ಗಟ್ಟು ಎಲ್ಲಿಯವರೆಗೆ ಒಯ್ಯುವುದು, ಎಲ್ಲಿ ಬೇರೆ ಬಗೆಯವರ ಸ್ನೇಹವು ಬೇಕಾಗುವುದು ಎಂಬ ಗಡಿಯನ್ನು ಈ ಕಥೆಯಷ್ಟು ಸ್ಪಷ್ಟವಾಗಿ ಗುರುತಿಸಿದುದು ಬೇರೊಂದಿಲ್ಲ. ತನ್ನ ಪಾಶವನ್ನು ಮೊದಲು ಕಡಿಯಬಂದ ಇಲಿಯನ್ನು ತಡೆದು, ಪರಿವಾರದ ಪಾಶಗಳನ್ನು ಮೊದಲು ಕಡಿಯೆಂದ ಚಿತ್ರಗ್ರೀವನ ನಡತೆಯು ಇದಕ್ಕೆ ಕಳಶದಂತಿದೆ. ವಾಚನಪುಸ್ತಕಗಳಲ್ಲಿ ಪಾರಿವಾಳಗಳು ಹಾರಿದೊಡನೆ ಪಾಠವು ಮುಗಿಯುವುದು ದುರದೃಷ್ಟ.

ಒಂದೇ ಚಿತ್ರವು ನಾಲ್ಕು ಮತಗಳಲ್ಲಿ ನಾಲ್ಕು ಅರ್ಥವನ್ನು ಪಡೆದುದಕ್ಕೆ ಪಂಗು ಅಂಧರ ದೃಷ್ಟಾಂತವು ಉತ್ತಮ ನಿದರ್ಶನ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 21ನೆಯ ಕಾರಿಕೆಯಲ್ಲಿ ಅದು ಪುರುಷಪ್ರಕೃತಿಗಳ ಸಂಯೋಗಕ್ಕೆ. ಊರು ಸೇರಿದ ಮೇಲೆ ಕುಂಟನೂ ಕುರುಡನೂ ಬೇರೆಯಾಗುವಂತೆ ಅಲ್ಲಿ ಸಂಯೋಗದ ಗುರಿಯೇ ವಿಯೋಗ. ಇದನ್ನು ಚಿರಕಾಲದ ಒಕ್ಕೂಟಕ್ಕೆ ಉದಾಹರಿಸುವುದು ವಿಪರೀತ. ಜೈನರ ಆವಶ್ಯಕನಿರ್ಯುಕ್ತಿಯಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ. ನೋಡಬಲ್ಲ ಕುಂಟನೂ ಓಡಬಲ್ಲ ಕುರುಡನೂ ಒಂಟಿಯಾಗಿದ್ದರೆ ಸುಟ್ಟುಹೋಗುವರು. ಜ್ಞಾನವೂ ಚಾರಿತ್ರವೂ ಕೂಡಬೇಕೆಂಬುದು ಅಲ್ಲಿನ ಅರ್ಥ. ಗ್ರೀಕರ ಬಿಡಿಪದ್ಯಗಳಲ್ಲಿ ಒಬ್ಬನು ಕಣ್ಣನ್ನೂ ಒಬ್ಬನು ಕಾಲನ್ನೂ ಎರವಲು ಕೊಡುವ ಚಮತ್ಕಾರವಷ್ಟೇ ಇದೆ. ಯೆಹೂದ್ಯರ ತಾಲ್ಮುದಿನಲ್ಲಿ ಕಥೆಯು ಥಟ್ಟನೆ ತಿರುಗಿಬಿಟ್ಟಿದೆ. ಅರಸನು ತೋಟಕ್ಕೆ ಕಾವಲಾಗಿ ಒಬ್ಬ ಕುರುಡನನ್ನೂ ಒಬ್ಬ ಕುಂಟನನ್ನೂ ಇಡುವನು. ಕುಂಟನು ಕುರುಡನ ಹೆಗಲೇರಿ ಹಣ್ಣುಗಳನ್ನು ಕದಿಯುವನು. ವಿಚಾರಣೆಯಲ್ಲಿ ತನಗೆ ಕಾಲಿಲ್ಲವೆಂದು ಒಬ್ಬನೂ ಕಣ್ಣಿಲ್ಲವೆಂದು ಒಬ್ಬನೂ ಜಾರಿಕೊಳ್ಳಲು, ಅರಸನು ಒಬ್ಬನನ್ನು ಒಬ್ಬನ ಮೇಲೆ ಕುಳ್ಳಿರಿಸಿ ಇಬ್ಬರಿಗೂ ಒಂದಾಗಿ ಶಿಕ್ಷೆ ವಿಧಿಸುವನು. ದೇಹಾತ್ಮಗಳೆರಡೂ ಕೂಡಿ ತೀರ್ಪಿಗೆ ಒಳಗಾಗುವುವೆಂಬುದು ಅದರ ಅರ್ಥ. ಕೂಡಿ ಮಾಡಿದ ಕೆಲಸವು ಕೆಟ್ಟ ಕೆಲಸವೂ ಆಗಿರಬಹುದು, ಆಗ ಹೊಣೆಯು ಹಂಚಿಹೋಗಿ ಕರಗುವುದಿಲ್ಲ ಎಂದು ಹೇಳುವ ಕಥೆಯು ಈ ಇಡೀ ಗುಂಪಿನಲ್ಲಿ ಇದೊಂದೇ. ಇದನ್ನು ಶಿಬಿರಗಳಲ್ಲಿ ಯಾರೂ ಹೇಳುವುದಿಲ್ಲ.

ಸಾಂಖ್ಯದ ದೃಷ್ಟಾಂತವನ್ನು ಶಂಕರಾಚಾರ್ಯರು ಎರಡನೆಯ ಅಧ್ಯಾಯದಲ್ಲಿ ಪರೀಕ್ಷಿಸಿದ ರೀತಿಯು ವಿಮರ್ಶಕರಿಗೆ ಮಾದರಿಯಾಗಿದೆ. ಕುಂಟನು ನಡೆಯಲಾರದಿದ್ದರೂ ಮಾತಿನಿಂದ ಕುರುಡನನ್ನು ನಡೆಸಬಲ್ಲನು. ಆದರೆ ಸಾಂಖ್ಯರ ಪುರುಷನು ಉದಾಸೀನನು, ನಿಷ್ಕ್ರಿಯನು. ಅವನು ನಡೆಸುವುದು ಹೇಗೆ? ಮೇಲೆ ಕುಳಿತವನು ದಾರಿ ಹೇಳದಿದ್ದರೆ ಅವನು ಹೊರೆಯೇ ಹೊರತು ಜೊತೆಗಾರನಲ್ಲ. ಸಂಘದ ಮುಖ್ಯಸ್ಥರನ್ನು ಕಣ್ಣಿಗೆ ಹೋಲಿಸುವವರು ಈ ಆಕ್ಷೇಪವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಈಚೆಗೆ ಶಿಬಿರಗಳಲ್ಲಿ ಬಾತುಕೋಳಿಗಳ ಹಾರಾಟವೆಂಬ ಹೊಸ ದೃಷ್ಟಾಂತವೊಂದು ಬಹಳ ಪ್ರಚಾರದಲ್ಲಿದೆ. ನಾಯಕನ ಹಿಂದೆ ಬಾಣದ ತುದಿಯ ಆಕಾರದಲ್ಲಿ ಸಾಲಾಗಿ ಹಾರಿದರೆ ಎಲ್ಲರಿಗೂ ಶ್ರಮ ಕಡಮೆಯೆಂದು ಹೇಳುವರು. ಶಾಸ್ತ್ರಜ್ಞರು ಕೆಂಬರಲು ಕುಲದ ಒಂದು ಹಕ್ಕಿಯ ಮೇಲೆ ನಡೆಸಿದ ಪರಿಶೀಲನೆಗಳು 2014ರಲ್ಲಿಯೂ 2015ರಲ್ಲಿಯೂ ಪ್ರಕಟವಾದುವು. ಮೊದಲನೆಯದರಿಂದ ಹಿಂದಿನ ಹಕ್ಕಿಯು ಮುಂದಿನದರ ರೆಕ್ಕೆಯಿಂದೇಳುವ ಗಾಳಿಯ ಒತ್ತನ್ನು ಬಳಸಿಕೊಳ್ಳುವಂತಹ ಸ್ಥಾನದಲ್ಲಿ ಹಾರುವುದೆಂದು ತಿಳಿದುಬಂದಿತು. ಎರಡನೆಯದರಿಂದ ತಿಳಿದುದು ಇನ್ನೂ ಸ್ವಾರಸ್ಯವಾಗಿದೆ. ಶಾಶ್ವತನಾದ ನಾಯಕನು ಅಲ್ಲಿಲ್ಲ; ಹಕ್ಕಿಗಳು ಜೋಡಿಜೋಡಿಯಾಗಿ ಮುಂದುಹಿಂದು ಬದಲಾಯಿಸಿಕೊಳ್ಳುತ್ತ, ಹಿಂದೆ ಹಾರಿ ಪಡೆದ ಹೊತ್ತಿಗೆ ಸರಿಯಾಗಿ ಮುಂದೆ ಹಾರಿ ಹೊತ್ತನ್ನು ತೀರಿಸುವುವು.

ಇದು ಕರ್ನಾಟಕದ ರೈತನಿಗೆ ಹೊಸ ಸಂಗತಿಯಲ್ಲ. ಇಂದು ಇವನ ಹೊಲದಲ್ಲಿ ಅವನು, ನಾಳೆ ಅವನ ಹೊಲದಲ್ಲಿ ಇವನು, ಆಳಿಗೆ ಆಳು ದಿನಕ್ಕೆ ದಿನ ಎಂದು ಲೆಕ್ಕವಿಟ್ಟು ತೀರಿಸುವ ಮುಯ್ಯಾಳಿನ ವಾಡಿಕೆಯು ಇದೇ ಆಗಿದೆ. ಅಲ್ಲಿ ಹೊಟ್ಟೆಯೂ ಇಲ್ಲ, ತಲೆಯೂ ಇಲ್ಲ, ಕಥೆಯೂ ಬೇಕಾಗಿರಲಿಲ್ಲ. 1904ರ ಕಾಯಿದೆಯಾದ ಮರುವರ್ಷ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದಾಗ ಅದರ ಹಿಂದೆ ಇಂತಹ ಅಭ್ಯಾಸಗಳಿದ್ದ ಹಳ್ಳಿಯ ಬದುಕಿತ್ತು. ಪಾಲು ಎಷ್ಟೇ ಇರಲಿ ಸದಸ್ಯನೊಬ್ಬನಿಗೆ ಮತವೊಂದೇ ಎಂಬುದು ಸಹಕಾರತತ್ತ್ವ. ಅಂತಹ ಸಂಘದ ಸಭೆಯಲ್ಲಿ ಉದರಕಥೆಯನ್ನು ಹೇಳುವ ಉಪನ್ಯಾಸಕನು, ಒಂದು ಬಾಯಿಗೆ ಒಂದು ಮತವನ್ನು ಕೊಟ್ಟ ಜನರಿಗೆ ಬಾಯಿಗಳೆಲ್ಲ ಸುಮ್ಮನಿರಬೇಕೆಂದು ಬೋಧಿಸಿದಂತಾಗುವುದು.

ಹಾಗೆಂದು ರೋಮಿನ ಕಥೆಯನ್ನು ಪುಸ್ತಕದಿಂದ ತೆಗೆದುಹಾಕಬೇಕೆಂದಲ್ಲ. ಅದನ್ನೂ ಭಾರುಂಡದ ಕಥೆಯನ್ನೂ ಒಂದೇ ಪಾಠದಲ್ಲಿ ಎದುರುಬದುರಾಗಿ ಇಟ್ಟು, ಎರಡರಲ್ಲಿಯೂ ಬರುವ ಒಂದೇ ಯುಕ್ತಿಯನ್ನು ವಿದ್ಯಾರ್ಥಿಗಳೇ ಗುರುತಿಸುವಂತೆ ಮಾಡಬಹುದು. ಮೊದಲನೆಯದಕ್ಕೆ ಲಿವಿಯ ಮುಂದಿನ ಪ್ರಕರಣವನ್ನೂ, ಚಿತ್ರಗ್ರೀವನ ಕಥೆಗೆ ಇಲಿಯ ಬಿಲದ ಭಾಗವನ್ನೂ ತಪ್ಪದೆ ಸೇರಿಸಬೇಕು. ಆಮೇಲೆ ತರಗತಿಯಲ್ಲಿ ಯಾವನಾದರೂ ಹುಡುಗನು ಎದ್ದು, ಇಲ್ಲಿ ಹೊಟ್ಟೆ ಯಾರು, ಹಾಗೆಂದು ಗೊತ್ತುಮಾಡಿದವರು ಯಾರು ಎಂದು ಕೇಳಿದರೆ, ಉಪಾಧ್ಯಾಯರು ಅವನನ್ನು ಕಾಲಿನ ಹೆಬ್ಬೆರಳೆಂದು ಕರೆಯದೆ ಉತ್ತರ ಹೇಳತಕ್ಕುದು.